ಆಡುವ ಮೊದಲೇ ಮೈನಸ್ 5: ಇನ್ವರ್ನೆಸ್ ಅಭಿಮಾನಿಗಳ ವಿಚಿತ್ರ ಲೆಕ್ಕ

ಸ್ಕಾಟ್ಲೆಂಡ್‌ನ ಫುಟ್‌ಬಾಲ್ ಅಂಕಪಟ್ಟಿ ನೋಡಿದವರಿಗೆ 2025-26ರ ಋತುವಿನ ಆರಂಭದಲ್ಲಿ ಒಂದು ಸಾಲು ವಿಚಿತ್ರವಾಗಿ ಕಂಡಿರಬೇಕು. ಮೂರನೇ ಹಂತದ ಲೀಗ್ ಒನ್‌ನಲ್ಲಿ ಇನ್ವರ್ನೆಸ್ ಕ್ಯಾಲೆಡೋನಿಯನ್ ಥಿಸಲ್ ಎಂಬ ತಂಡ ಆಟ ಶುರುಮಾಡಿದ್ದೇ ಮೈನಸ್ 5 ಅಂಕದಿಂದ. ಚೆಂಡು ಮುಟ್ಟುವ ಮೊದಲೇ ಸಾಲ. ಮೊದಲ ಗೆಲುವಿನ 3 ಅಂಕ ಬಂದರೂ ಸೊನ್ನೆ ಮುಟ್ಟುವುದಿಲ್ಲ. ಅದರ ಹಿಂದಿನ ಋತುವಿನಲ್ಲಿ ಇದೇ ತಂಡದಿಂದ 15 ಅಂಕ ಕಿತ್ತುಕೊಂಡಿದ್ದರು.

ಹಾಗಂತ ಆಟದಲ್ಲಿ ಮೋಸ ಮಾಡಿದ್ದರಾ? ಇಲ್ಲ. ಉದ್ದೀಪನ ಮದ್ದು, ಮ್ಯಾಚ್ ಫಿಕ್ಸಿಂಗ್ ಯಾವುದೂ ಅಲ್ಲ. ಕ್ಲಬ್ಬಿನ ಕಚೇರಿಯಲ್ಲಿ ಹಣ ಖಾಲಿಯಾಯಿತು, ಮೈದಾನದಲ್ಲಿ ಅಂಕ ಹೋಯಿತು. ಈ ಎರಡಕ್ಕೂ ಏನು ಸಂಬಂಧ ಅನ್ನುವುದೇ ಗೊಂದಲ. ಅದನ್ನು ಬಿಡಿಸಿ ನೋಡಿದರೆ, ಅಲ್ಲಿನ ಕೆಳಹಂತದ ತಂಡವೊಂದರ ಅಭಿಮಾನಿಗೆ ಒಂದು ಋತು ಹೇಗೆ ಕಳೆಯುತ್ತದೆ ಅನ್ನುವುದೂ ತಿಳಿಯುತ್ತದೆ.

ಮೊದಲು ಏಣಿ ಅರ್ಥವಾಗಲಿ

ಸ್ಕಾಟ್ಲೆಂಡ್‌ನ ಜನಸಂಖ್ಯೆ ಸುಮಾರು 55 ಲಕ್ಷ. ಬೆಂಗಳೂರಿನ ಅರ್ಧಕ್ಕೂ ಕಡಿಮೆ. ಅಷ್ಟು ಜನರಿಗೆ 42 ಲೀಗ್ ಕ್ಲಬ್‌ಗಳಿವೆ. 2013ರಲ್ಲಿ ಹಳೆಯ ಎರಡು ಲೀಗ್ ಸಂಸ್ಥೆಗಳು ಒಂದಾಗಿ ಸ್ಕಾಟಿಷ್ ಪ್ರೊಫೆಷನಲ್ ಫುಟ್‌ಬಾಲ್ ಲೀಗ್, ಅಂದರೆ ಎಸ್‌ಪಿಎಫ್‌ಎಲ್ ಆಯಿತು. ಅದರಲ್ಲಿ 4 ಹಂತ. ಮೇಲೆ ಪ್ರೀಮಿಯರ್‌ಶಿಪ್, ಅಲ್ಲಿ 12 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ಈ ಮೂರರಲ್ಲಿ ತಲಾ 10 ತಂಡ.

ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೆ ಬೇಜಾರು, ಅಷ್ಟೇ. ಮುಂದಿನ ವರ್ಷ ಅದೇ ಟೂರ್ನಿ, ಅದೇ ಟಿವಿ ಹಣ. ಇಲ್ಲಿ ಹಾಗಲ್ಲ. ಲೀಗ್ ಒನ್‌ನಲ್ಲಿ ಪ್ರತಿ ತಂಡ ಉಳಿದ 9 ತಂಡಗಳ ಜೊತೆ 4 ಸಲ ಆಡುತ್ತದೆ, ಒಟ್ಟು 36 ಪಂದ್ಯ. ಕೊನೆಯವರು ನೇರವಾಗಿ ಕೆಳಗಿನ ಹಂತಕ್ಕೆ. 9ನೇ ಸ್ಥಾನದವರು ಪ್ಲೇ-ಆಫ್ ಆಡಿ ತಮ್ಮ ಜಾಗ ಉಳಿಸಿಕೊಳ್ಳಬೇಕು. ಹತ್ತರಲ್ಲಿ ಇಬ್ಬರ ತಲೆ ಮೇಲೆ ಕತ್ತಿ.

ಲೀಗ್ ಟೂ ಕೆಳಗೆ ಇನ್ನೊಂದು ಬಾಗಿಲಿದೆ. ಅಲ್ಲಿ ಕೊನೆಯಾದ ತಂಡ, ಹೈಲ್ಯಾಂಡ್ ಲೀಗ್ ಮತ್ತು ಲೋಲ್ಯಾಂಡ್ ಲೀಗ್ ಎಂಬ ಪ್ರಾದೇಶಿಕ ಲೀಗ್‌ಗಳನ್ನು ಗೆದ್ದವರಲ್ಲಿ ಒಬ್ಬರ ಜೊತೆ ಪ್ಲೇ-ಆಫ್ ಆಡಬೇಕು. ಸೋತರೆ 42ರ ಪಟ್ಟಿಯಿಂದಲೇ ಹೊರಗೆ. 2016ರಲ್ಲಿ ಈಸ್ಟ್ ಸ್ಟರ್ಲಿಂಗ್‌ಷೈರ್ ಹೀಗೆ ಹೋಯಿತು. ಆಮೇಲೆ 2019ರಲ್ಲಿ ಬೆರಿಕ್ ರೇಂಜರ್ಸ್, 2021ರಲ್ಲಿ ಬ್ರೆಕಿನ್ ಸಿಟಿ, 2022ರಲ್ಲಿ ಕೌಡನ್‌ಬೀತ್, 2023ರಲ್ಲಿ ಆಲ್ಬಿಯನ್ ರೋವರ್ಸ್. 2025ರವರೆಗೂ ಇವರಲ್ಲಿ ಒಬ್ಬರೂ ಮರಳಿ ಬಂದಿರಲಿಲ್ಲ. ಈ ಏಣಿಯಲ್ಲಿ ಇಳಿಯುವುದು ಸುಲಭ, ಹತ್ತುವುದು ಕಷ್ಟ. 15 ಅಂಕದ ಕಡಿತಕ್ಕೆ ಜನ ಯಾಕೆ ಅಷ್ಟು ಹೆದರುತ್ತಾರೆ ಅನ್ನುವುದಕ್ಕೆ ಮೊದಲ ಉತ್ತರ ಇದು.

ಕಪ್ ಗೆದ್ದವರು ಇಲ್ಲಿಗೆ ಬಂದದ್ದು ಹೇಗೆ

ಇನ್ವರ್ನೆಸ್ ಸ್ಕಾಟ್ಲೆಂಡ್‌ನ ಉತ್ತರದ ಬೆಟ್ಟಸೀಮೆಯ, ಅಂದರೆ ಹೈಲ್ಯಾಂಡ್ಸ್‌ನ ಮುಖ್ಯ ಊರು. 1994ರಲ್ಲಿ ಅಲ್ಲಿನ ಎರಡು ಹಳೆಯ ಕ್ಲಬ್‌ಗಳಾದ ಕ್ಯಾಲೆಡೋನಿಯನ್ ಮತ್ತು ಇನ್ವರ್ನೆಸ್ ಥಿಸಲ್ ಸೇರಿ ಈ ಕ್ಲಬ್ ಆಯಿತು. ಒಂದಾಗುವುದು ಎರಡೂ ಕಡೆಯ ಅನೇಕ ಅಭಿಮಾನಿಗಳಿಗೆ ಇಷ್ಟವಿರಲಿಲ್ಲ. ಎದುರು ಬದುರು ನಿಂತು ಕೂಗಾಡಿಕೊಂಡು ಬಂದವರು ಒಂದೇ ಬಣ್ಣದ ಶಾಲು ಹಾಕಿಕೊಳ್ಳಬೇಕು ಅಂದರೆ ಸುಲಭವೇ? ಆದರೆ ರಾಷ್ಟ್ರೀಯ ಲೀಗ್‌ನಲ್ಲಿ ಜಾಗ ಸಿಗಬೇಕಾದರೆ ಅದೇ ದಾರಿ ಅಂತಾಯಿತು.

ಮುಂದಿನದು ಕತೆಯಂತೆ ನಡೆಯಿತು. 2000ದ ಫೆಬ್ರವರಿಯಲ್ಲಿ ಸ್ಕಾಟಿಷ್ ಕಪ್‌ನಲ್ಲಿ ಗ್ಲಾಸ್ಗೋದ ದೈತ್ಯ ಸೆಲ್ಟಿಕ್ ತಂಡವನ್ನು ಅವರದೇ ಮೈದಾನದಲ್ಲಿ 3-1ರಿಂದ ಸೋಲಿಸಿದರು. 2004ರಲ್ಲಿ ಅತಿ ಮೇಲಿನ ಹಂತಕ್ಕೆ ಬಡ್ತಿ ಸಿಕ್ಕಿತು. ಆಗಿನ ನಿಯಮದ ಪ್ರಕಾರ ಕ್ರೀಡಾಂಗಣದಲ್ಲಿ 10,000 ಸೀಟು ಬೇಕಿತ್ತು. ಇವರಲ್ಲಿ ಅಷ್ಟಿರಲಿಲ್ಲ. ಹಾಗಾಗಿ ಕೆಲವು ತಿಂಗಳು ತಮ್ಮ 'ತವರು' ಪಂದ್ಯಗಳನ್ನು ದೂರದ ಅಬರ್ಡೀನ್‌ಗೆ ಹೋಗಿ ಆಡಬೇಕಾಯಿತು. ನಿಯಮ ಸಡಿಲವಾದ ಮೇಲೆ 2005ರ ಜನವರಿಯಲ್ಲಿ ಊರಿಗೆ ಮರಳಿದರು. 2015ರಲ್ಲಿ ಪ್ರೀಮಿಯರ್‌ಶಿಪ್‌ನಲ್ಲಿ 3ನೇ ಸ್ಥಾನ. ಅದೇ ಮೇ 30ರಂದು ಫಾಲ್ಕರ್ಕ್ ವಿರುದ್ಧ 2-1ರಿಂದ ಗೆದ್ದು ಸ್ಕಾಟಿಷ್ ಕಪ್ ಎತ್ತಿದರು. ಹುಟ್ಟಿ 21 ವರ್ಷಕ್ಕೆ ದೇಶದ ಅತಿ ಹಳೆಯ ಕಪ್!

ಎರಡೇ ವರ್ಷಕ್ಕೆ, 2017ರಲ್ಲಿ, ಪ್ರೀಮಿಯರ್‌ಶಿಪ್‌ನಿಂದ ಕೆಳಗಿಳಿದರು. ನಿಜವಾದ ಕಷ್ಟ ಇಲ್ಲಿಂದ ಶುರು. ಮೇಲಿನ ಹಂತದ ತಂಡಕ್ಕೆ ಬರುವ ಹಣ ಬೇರೆ, ಎರಡನೇ ಹಂತಕ್ಕೆ ಬರುವ ಹಣ ಬೇರೆ. ಲೀಗ್ ಹಂಚುವ ಹಣದ ದೊಡ್ಡ ಪಾಲು ಮೇಲಿನ 12 ಕ್ಲಬ್‌ಗಳಿಗೇ ಹೋಗುತ್ತದೆ. ಸೆಲ್ಟಿಕ್, ರೇಂಜರ್ಸ್ ಬಂದಾಗ ತುಂಬುತ್ತಿದ್ದ ಗ್ಯಾಲರಿ ಬೇರೆ ತಂಡಗಳಿಗೆ ತುಂಬುವುದಿಲ್ಲ. ಆದರೆ ಖರ್ಚು ಅಷ್ಟು ಬೇಗ ಇಳಿಯುವುದಿಲ್ಲ. ಕ್ರೀಡಾಂಗಣ ಅದೇ, ಕರೆಂಟ್ ಬಿಲ್ ಅದೇ. ಪೂರ್ಣಾವಧಿ ಆಟಗಾರರನ್ನು ಇಟ್ಟುಕೊಂಡರೆ ಮಾತ್ರ ಮರಳಿ ಮೇಲೇರಬಹುದು ಅನ್ನುವ ಆಸೆಯೂ ಇರುತ್ತದೆ. ಆ ಆಸೆಗೆ ಪ್ರತಿ ವರ್ಷ ಹಣ ಸುರಿಯಬೇಕು. 2022ರಲ್ಲಿ ಬಡ್ತಿಯ ಪ್ಲೇ-ಆಫ್ ಫೈನಲ್‌ವರೆಗೂ ಹೋದರು. ಸೇಂಟ್ ಜಾನ್‌ಸ್ಟನ್ ಎದುರು ಸೋತರು. ಹತ್ತಿರ ಬಂದು ಅವಕಾಶ ಕಳೆದುಕೊಂಡವರು ಸುಮ್ನೆ ಕೂರುವುದಿಲ್ಲ, ಇನ್ನೊಂದು ಸಲ ಕೈ ಹಾಕುತ್ತಾರೆ.

2023ರಲ್ಲಿ ಒಂದು ತಮಾಷೆ ನಡೆಯಿತು. ಸ್ಕಾಟಿಷ್ ಕಪ್‌ನಲ್ಲಿ ಕ್ವೀನ್ಸ್ ಪಾರ್ಕ್ ವಿರುದ್ಧ ಇನ್ವರ್ನೆಸ್ ಸೋತಿತ್ತು. ಆದರೆ ಎದುರಾಳಿ ಅರ್ಹತೆ ಇಲ್ಲದ ಆಟಗಾರನನ್ನು ಆಡಿಸಿದ್ದು ಬೆಳಕಿಗೆ ಬಂದು, ಅವರನ್ನು ಹೊರಹಾಕಿ ಇನ್ವರ್ನೆಸ್ಸನ್ನು ವಾಪಸ್ ಸೇರಿಸಿದರು. ಸೋತ ತಂಡ ಜೂನ್ 3ರ ಫೈನಲ್‌ವರೆಗೂ ಹೋಯಿತು. ಅಲ್ಲಿ ಸೆಲ್ಟಿಕ್ 3-1ರಿಂದ ಗೆದ್ದಿತು. ಕಚೇರಿಯ ಕಾಗದ ಒಮ್ಮೆ ಕೈ ಹಿಡಿದಿತ್ತು. ಮುಂದಿನ ವರ್ಷ ಅದೇ ಕಾಗದ ಕೈಬಿಟ್ಟಿತು.

ಬ್ಯಾಟರಿ, ಕೆಲ್ಟಿ, ಮುರಿದ ಮಾತುಕತೆ

ಫೈನಲ್ ಆಡಿದ ಹಣ ಎಲ್ಲಿ ಹೋಯಿತು ಅಂತ ಕೇಳಬಹುದು. ಕಪ್ ಓಟದ ಹಣ ಹಬ್ಬದ ಬೋನಸ್ ಇದ್ದಂತೆ. ಒಂದು ಸಲ ಬರುತ್ತದೆ. ಸಂಬಳ ಮಾತ್ರ ತಿಂಗಳು ತಿಂಗಳು ಕೊಡಬೇಕು. ವರ್ಷ ವರ್ಷ ಬೀಳುವ ಕೊರತೆಯನ್ನು ಕ್ಲಬ್ ನಡೆಸುವವರು ಕೈಯಿಂದ ಸಾಲ ಕೊಟ್ಟು ತುಂಬುವುದು ಈ ಹಂತದಲ್ಲಿ ಮಾಮೂಲಿ. ಅವರ ಕೈ ಸೋತ ದಿನ ಎಲ್ಲವೂ ನಿಲ್ಲುತ್ತದೆ.

ಆದ್ದರಿಂದ ಆಟದ ಹೊರಗೆ ಆದಾಯ ಹುಡುಕಲು ಹೊರಟರು. ವಿದ್ಯುತ್ ಶೇಖರಿಸುವ ದೊಡ್ಡ ಬ್ಯಾಟರಿ ಘಟಕದ ಯೋಜನೆಯೊಂದರಿಂದ ದೊಡ್ಡ ಮೊತ್ತ ಬರುತ್ತದೆ ಎಂದು ನಂಬಿದ್ದರು. 2024ರಲ್ಲಿ ಹೈಲ್ಯಾಂಡ್ ಕೌನ್ಸಿಲ್ ಅದನ್ನು ತಿರಸ್ಕರಿಸಿತು. ಒಂದು ಫುಟ್‌ಬಾಲ್ ಕ್ಲಬ್ಬಿನ ಹಣೆಬರಹ ಬ್ಯಾಟರಿ ಘಟಕದ ಪರವಾನಗಿ ಮೇಲೆ ನಿಂತಿತ್ತು ಅಂದರೆ, ಮೈದಾನದಲ್ಲಿ ನಡೆಯುತ್ತಿದ್ದ ವ್ಯವಹಾರ ಎಷ್ಟು ಟೊಳ್ಳಾಗಿತ್ತು ಅನ್ನುವುದು ತಿಳಿಯುತ್ತದೆ.

ಅದೇ ವರ್ಷ ಮೇ ತಿಂಗಳಲ್ಲಿ ಹ್ಯಾಮಿಲ್ಟನ್ ಅಕಾಡೆಮಿಕಲ್ ವಿರುದ್ಧ ಪ್ಲೇ-ಆಫ್ ಸೋತು ಲೀಗ್ ಒನ್‌ಗೆ ಬಿದ್ದರು. ಆಗ ಮ್ಯಾನೇಜರ್ ಆಗಿದ್ದವರು ಇಂಗ್ಲೆಂಡ್‌ನ ಎವರ್ಟನ್ ಕ್ಲಬ್ಬಿನ ಹಳೆಯ ಸ್ಟ್ರೈಕರ್ ಡಂಕನ್ ಫರ್ಗ್ಯುಸನ್. ದೊಡ್ಡ ಹೆಸರು, ಆದರೆ ಹೆಸರಿನಿಂದ ಗೋಲು ಬರಲಿಲ್ಲ.

ಬೆನ್ನಿಗೇ ಕ್ಲಬ್ ಇನ್ನೊಂದು ಘೋಷಣೆ ಮಾಡಿತು. ಇನ್ನು ಮುಂದೆ ತಂಡದ ತರಬೇತಿ ಫೈಫ್ ಪ್ರಾಂತ್ಯದ ಕೆಲ್ಟಿ ಎಂಬ ಊರಿನಲ್ಲಿ. ಕೆಲ್ಟಿ ಇರುವುದು ಇನ್ವರ್ನೆಸ್‌ನಿಂದ 200 ಕಿಲೋಮೀಟರ್‌ಗೂ ಹೆಚ್ಚು ದಕ್ಷಿಣಕ್ಕೆ! ಆಡಳಿತ ಮಂಡಳಿಯ ಲೆಕ್ಕ ಪೂರ್ತಿ ಹುಚ್ಚಿನದೇನಲ್ಲ. ಸ್ಕಾಟ್ಲೆಂಡ್‌ನ ಆಟಗಾರರಲ್ಲಿ ಜಾಸ್ತಿ ಜನ ಗ್ಲಾಸ್ಗೋ, ಎಡಿನ್‌ಬರೋ ನಡುವಿನ ಪಟ್ಟಿಯಲ್ಲಿ ವಾಸಿಸುತ್ತಾರೆ. ಅವರನ್ನು ಉತ್ತರಕ್ಕೆ ಕರೆಸಿ ಮನೆ ಮಾಡಿಕೊಡುವುದು ದುಬಾರಿ. ತರಬೇತಿಯನ್ನೇ ಅವರ ಹತ್ತಿರ ಒಯ್ದರೆ ಖರ್ಚು ಉಳಿಯುತ್ತದೆ.

ಆದರೆ ಅಭಿಮಾನಿಗಳು ಸಿಡಿದೆದ್ದರು. ಅವರ ಕೋಪಕ್ಕೆ ಕಾರಣವಿದೆ. ಮೂರನೇ ಹಂತದ ತಂಡವನ್ನು ಯಾರೂ ಆಟದ ಚೆಂದಕ್ಕಾಗಿ ನೋಡುವುದಿಲ್ಲ. ಟಿವಿ ಹಾಕಿದರೆ ಇದಕ್ಕಿಂತ ಚೆನ್ನಾದ ಆಟ ಮನೆಯಲ್ಲೇ ಸಿಗುತ್ತದೆ. ಆದರೂ ಮಳೆಯಲ್ಲಿ ನಿಂತು ನೋಡುವುದು ಅದು ನಮ್ಮ ಊರಿನದು ಅನ್ನುವ ಒಂದೇ ಕಾರಣಕ್ಕೆ. ವಾರವಿಡೀ ಫೈಫ್‌ನಲ್ಲಿದ್ದು ಶನಿವಾರ ಮಾತ್ರ ಊರಿಗೆ ಬರುವ ತಂಡ ಯಾವ ಊರಿನದು? ಮೇಲಾಗಿ ಕೆಲ್ಟಿಯದೇ ತಂಡವಾದ ಕೆಲ್ಟಿ ಹಾರ್ಟ್ಸ್ ಆ ವರ್ಷ ಇದೇ ಲೀಗ್ ಒನ್‌ನಲ್ಲಿ ಇವರ ಎದುರಾಳಿ. ಒತ್ತಡಕ್ಕೆ ಮಣಿದು ಯೋಜನೆ ಕೈಬಿಟ್ಟರು. ಮುಖ್ಯ ಕಾರ್ಯನಿರ್ವಾಹಕರು ಹೋದರು, ಅಧ್ಯಕ್ಷರು ಹೋದರು. ಹೊರಗಿನ ಹೂಡಿಕೆಯ ಮಾತುಕತೆ ಶುರುವಾಗಿ ಮುರಿಯಿತು. 2024ರ ಅಕ್ಟೋಬರ್‌ನಲ್ಲಿ ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು.

ಅಡ್ಮಿನಿಸ್ಟ್ರೇಷನ್ ಅಂದರೆ ಏನು?

ಸಾಲ ತೀರಿಸಲಾಗದ ಕಂಪನಿಗೆ ಬ್ರಿಟನ್ ಕಾನೂನು ಕೊಡುವ ಉಸಿರಾಟದ ಅವಕಾಶ ಇದು. ಸಾಲ ಕೊಟ್ಟವರು ಆ ಸಮಯದಲ್ಲಿ ಕೋರ್ಟಿಗೆ ಹೋಗಿ ಆಸ್ತಿ ಜಪ್ತಿ ಮಾಡಿಸುವಂತಿಲ್ಲ. ಕಂಪನಿಯ ಚುಕ್ಕಾಣಿ ನಿರ್ದೇಶಕರ ಕೈಯಿಂದ ಅಡ್ಮಿನಿಸ್ಟ್ರೇಟರ್ ಕೈಗೆ ಹೋಗುತ್ತದೆ. ಅವರ ಮೊದಲ ಹೊಣೆ ಸಾಲ ಕೊಟ್ಟವರಿಗೆ ಸಾಧ್ಯವಾದಷ್ಟು ಹಣ ಮರಳಿಸುವುದು. ಲೀಗ್‌ನಲ್ಲಿ ಎಷ್ಟನೇ ಸ್ಥಾನ, ಶನಿವಾರ ಯಾರು ಗೋಲ್ ಹೊಡೆಯುತ್ತಾರೆ ಅನ್ನುವುದು ಅವರ ಕೆಲಸದ ಭಾಗವಲ್ಲ.

ಹಾಗಾಗಿ ಮೊದಲ ಕತ್ತರಿ ಬೀಳುವುದು ಸಂಬಳದ ಮೇಲೆ. ಇನ್ವರ್ನೆಸ್‌ನಲ್ಲಿ ಫರ್ಗ್ಯುಸನ್ ಕೆಲಸ ಹೋಯಿತು. ಕ್ಲಬ್ಬಿನಲ್ಲೇ ವರ್ಷಗಟ್ಟಲೆ ಇದ್ದ ಸ್ಕಾಟ್ ಕೆಲಾಕರ್ ತಂಡದ ಹೊಣೆ ಹೊತ್ತರು.

ಆಮೇಲೆ ಎರಡೇ ದಾರಿ. ಕೊಳ್ಳುವವರು ಸಿಕ್ಕಿ, ಸಾಲ ಕೊಟ್ಟವರು ಒಂದು ಒಪ್ಪಂದಕ್ಕೆ ಒಪ್ಪಿದರೆ ಕ್ಲಬ್ ಉಳಿಯುತ್ತದೆ. ಇದಕ್ಕೆ ಸಾಲದ ಮೊತ್ತದ ಲೆಕ್ಕದಲ್ಲಿ ಮತ ಹಾಕಿದವರ ಪೈಕಿ 75%ರಷ್ಟು ಒಪ್ಪಿಗೆ ಬೇಕು. ಒಪ್ಪಿದವರಿಗೆ ಸಾಮಾನ್ಯವಾಗಿ ಪೂರ್ತಿ ಹಣ ಸಿಗುವುದಿಲ್ಲ, ಪೌಂಡಿಗೆ ಕೆಲವು ಪೆನ್ನಿ ಅಷ್ಟೇ. ಒಪ್ಪಂದ ಆಗದಿದ್ದರೆ ಕಂಪನಿ ಮುಚ್ಚಿ ಹೋಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಇದು ಬರೀ ಬೆದರಿಕೆ ಅಲ್ಲ. ಗ್ಲಾಸ್ಗೋದ ಥರ್ಡ್ ಲಾನರ್ಕ್ 1967ರಲ್ಲಿ ಮುಚ್ಚಿತು. ಏರ್ಡ್ರಿಯೋನಿಯನ್ಸ್ 2002ರಲ್ಲಿ ಮುಳುಗಿತು. ಗ್ರೆಟ್ನಾ ಎಂಬ ಪುಟ್ಟ ಊರಿನ ತಂಡ ಒಬ್ಬ ಶ್ರೀಮಂತರ ಹಣದಿಂದ 2002ರಿಂದ 2007ರೊಳಗೆ ಕೆಳಗಿನ ಹಂತದಿಂದ ಅತಿ ಮೇಲಿನ ಹಂತಕ್ಕೆ ಏರಿತು. ಅವರ ಆರೋಗ್ಯ ಕೆಟ್ಟು ಹಣ ನಿಂತಿತು. 2008ರಲ್ಲಿ ಕ್ಲಬ್ಬೇ ಇಲ್ಲ.

15 ಅಂಕದ ತೂಕ

ಅಡ್ಮಿನಿಸ್ಟ್ರೇಷನ್‌ಗೆ ಹೋದ ಕೂಡಲೇ ಲೀಗ್‌ನ ನಿಯಮ ಕೆಲಸ ಶುರುಮಾಡುತ್ತದೆ. 15 ಅಂಕ ಕಡಿತ. ಋತುವಿನ ಮೊದಲ ಭಾಗದಲ್ಲಿ ಗಳಿಸಿದ್ದೆಲ್ಲ ಹೋಗಿ ಇನ್ವರ್ನೆಸ್ ಸೊನ್ನೆಗಿಂತ ಕೆಳಗಿಳಿಯಿತು.

15 ಅಂಕ ಅಂದರೆ 5 ಗೆಲುವು. 36 ಪಂದ್ಯದ ಲೀಗ್‌ನಲ್ಲಿ ಇದು ಎಷ್ಟು ದೊಡ್ಡದು ಅಂತ ಹೀಗೆ ನೋಡಿ. ಇಂಥ ಲೀಗ್‌ನಲ್ಲಿ ಹಿಂಬಡ್ತಿ ತಪ್ಪಿಸಿಕೊಳ್ಳಲು 40ರ ಆಸುಪಾಸು ಅಂಕ ಬೇಕು ಅಂತ ಇಟ್ಟುಕೊಳ್ಳಿ. 15 ಕಳೆದುಕೊಂಡವರು ಮೈದಾನದಲ್ಲಿ 55ರಷ್ಟು ಗಳಿಸಬೇಕು. 55 ಗಳಿಸುವ ತಂಡ ಮಾಮೂಲಿ ವರ್ಷದಲ್ಲಿ ಬಡ್ತಿಗೆ ಪೈಪೋಟಿ ಮಾಡುತ್ತದೆ. ಅಂದರೆ ಬಡ್ತಿಗೆ ಬೇಕಾದಷ್ಟು ಆಡಬೇಕು, ಸಿಗುವುದು ಮಾತ್ರ ಇದ್ದ ಜಾಗ. ಅದೂ ಆಟಗಾರರು, ಸಿಬ್ಬಂದಿ ಕಡಿಮೆಯಾದ ಮೇಲೆ.

ಈ ಲೆಕ್ಕವನ್ನು ಹೊತ್ತುಕೊಂಡು ಅಭಿಮಾನಿ ಋತುವಿಡೀ ಓಡಾಡಬೇಕು. ಆ ವರ್ಷ ಇನ್ವರ್ನೆಸ್‌ಗೆ ಅತಿ ಹತ್ತಿರದ ಎದುರಾಳಿ ಅಬರ್ಡೀನ್‌ನ ಕೋವ್ ರೇಂಜರ್ಸ್. ಅದೇ 150 ಕಿಲೋಮೀಟರ್ ದಾಟುತ್ತದೆ. ದಕ್ಷಿಣದ ತುದಿಯ ಡಂಫ್ರೀಸ್, ಆನ್ನನ್‌ಗಳಿಗೆ ಹೋಗುವುದಾದರೆ ಒಂದು ಕಡೆಗೇ 350 ಕಿಲೋಮೀಟರ್‌ಗೂ ಹೆಚ್ಚು, ವರ್ಷಕ್ಕೆ ತಲಾ 2 ಸಲ. ಪರ್ತ್‌ನಿಂದ ಇನ್ವರ್ನೆಸ್‌ವರೆಗಿನ ಎ9 ಹೆದ್ದಾರಿಯನ್ನು 2025ರೊಳಗೆ ಪೂರ್ತಿ ಜೋಡಿ ರಸ್ತೆ ಮಾಡುತ್ತೇವೆ ಅಂದಿದ್ದ ಸರ್ಕಾರ ಈಗ 2035 ಅನ್ನುತ್ತಿದೆ. ಹಾಗೆ ಹೋಗಿ, ಗೆದ್ದು, ರಾತ್ರಿ ಮನೆಗೆ ಬಂದು ಅಂಕಪಟ್ಟಿ ತೆರೆದರೆ ತಂಡ ಇನ್ನೂ ಕೊನೆಯಲ್ಲೇ! ಆ ದಿನಗಳಲ್ಲಿ ಎರಡು ಅಂಕಪಟ್ಟಿ ಇಟ್ಟುಕೊಳ್ಳಬೇಕಾಗುತ್ತದೆ. ಒಂದು ಲೀಗ್‌ನದು. ಇನ್ನೊಂದು ಮನಸ್ಸಿನೊಳಗಿನದು, ಅದರಲ್ಲಿ 15 ಕೂಡಿಸಿರುತ್ತದೆ.

ಮನಸ್ಸಿನೊಳಗಿನ ಪಟ್ಟಿಯೇ ಕೊನೆಗೆ ಸರಿಯಾಯಿತು. ಕೆಲಾಕರ್ ಅವರ ತಂಡ ಒಂದೊಂದೇ ಸ್ಥಾನ ಮೇಲೆ ಬಂದು ಲೀಗ್ ಒನ್‌ನಲ್ಲಿ ಉಳಿಯಿತು. 15 ಅಂಕ ಮರಳಿ ಕೂಡಿಸಿ ನೋಡಿದರೆ ಅವರ ಆಟ ಹಿಂಬಡ್ತಿಯ ತಂಡದ್ದಲ್ಲವೇ ಅಲ್ಲ. ಇನ್ವರ್ನೆಸ್‌ನಲ್ಲಿ ಓರಿಯನ್ ಎಂಬ ನೇಮಕಾತಿ ಕಂಪನಿ ನಡೆಸುವ, ಹಿಂದೊಮ್ಮೆ ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದ ಅಲನ್ ಸ್ಯಾವೇಜ್ ಹಣ ಹಾಕಿ ಕ್ಲಬ್ಬನ್ನು ನಡೆಸಿದರು. 2025ರಲ್ಲಿ ಸಾಲ ಕೊಟ್ಟವರ ಜೊತೆ ಒಪ್ಪಂದವಾಗಿ ಕ್ಲಬ್ ಅವರ ಕೈಗೆ ಬಂತು. ಅದೇ ದಿವಾಳಿ ಪ್ರಕರಣದ ಬಾಲವಾಗಿ ಬಂದದ್ದು ಹೊಸ ಋತುವಿನ ಮೈನಸ್ 5.

ಶಿಕ್ಷೆ ಬೇಕು ಅನ್ನುವವರ ವಾದ

ಈ ನಿಯಮ ಕ್ರೂರ ಅಂತ ಸುಲಭವಾಗಿ ಅನ್ನಿಸುತ್ತದೆ. ಆದರೆ ಎದುರಾಳಿ ತಂಡದ ಅಭಿಮಾನಿಯ ಜಾಗದಲ್ಲಿ ನಿಂತು ನೋಡಿ.

ಲೀಗ್ ಒನ್‌ನ ಅನೇಕ ತಂಡಗಳ ಆಟಗಾರರು ಅರೆಕಾಲಿಕರು. ಹಗಲು ಬೇರೆ ಕೆಲಸ, ಸಂಜೆ ತರಬೇತಿ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಕ್ಲಬ್‌ಗಳು ಅವು. ಪಕ್ಕದ ಕ್ಲಬ್ ತನ್ನ ಬಳಿ ಇಲ್ಲದ ಹಣದಲ್ಲಿ ಒಳ್ಳೆಯ ಸ್ಟ್ರೈಕರ್‌ನನ್ನು ತರುತ್ತದೆ, ಅವನ ಗೋಲಿನಿಂದ ಗೆಲ್ಲುತ್ತದೆ. ವರ್ಷದ ಕೊನೆಗೆ ಸಾಲ ಕೊಟ್ಟವರಿಗೆ ಕೈ ಎತ್ತಿಬಿಡುತ್ತದೆ. ಅಂಕ ಮಾತ್ರ ಉಳಿಸಿಕೊಳ್ಳುತ್ತದೆ. ಇದು ನ್ಯಾಯವೇ? ಈ ಪ್ರಶ್ನೆಗೆ ಅಂಕ ಕಡಿತವಲ್ಲದೆ ಬೇರೆ ಉತ್ತರ ಹುಡುಕುವುದು ಕಷ್ಟ. ಕ್ಲಬ್ಬಿನಲ್ಲಿ ಹಣವೇ ಇಲ್ಲದಿರುವಾಗ ದಂಡ ಹಾಕಿ ಏನು ಪ್ರಯೋಜನ?

ಇನ್ನೊಂದು ಮಾತೂ ಇದೆ. ಪೂರ್ತಿ ಹಣ ಸಿಗದೇ ಹೋಗುವವರಲ್ಲಿ ಊರಿನ ಸಣ್ಣ ವ್ಯಾಪಾರಿಗಳೂ ಇರುತ್ತಾರೆ. ತೆರಿಗೆ ಇಲಾಖೆಗೂ ಖೋತಾ. ಇದೆಲ್ಲ ಆದ ಮೇಲೂ ಕ್ಲಬ್ ಏನೂ ಆಗದಂತೆ ಆಡಿಕೊಂಡು ಹೋದರೆ, ದಿವಾಳಿಯಾಗುವುದೇ ಜಾಣತನ ಅಂತಾಗಿಬಿಡುತ್ತದೆ. 2012ರಲ್ಲಿ ರೇಂಜರ್ಸ್ ದಿವಾಳಿಯಾದಾಗ ಮೊದಲು ಬಿದ್ದದ್ದು 10 ಅಂಕದ ಕಡಿತ. ಮರುವರ್ಷ ಎಡಿನ್‌ಬರೋದ ಹಾರ್ಟ್ಸ್ ಕ್ಲಬ್ ಕುಸಿದಾಗ ಅದು 15 ಆಗಿತ್ತು. ಮಾಡಿದ್ದುಣ್ಣೋ ಮಹಾರಾಯ, ಇದೇ ಅವರ ನಿಲುವು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇನ್ವರ್ನೆಸ್ ಅಭಿಮಾನಿಯ ಉತ್ತರವೂ ನಮ್ಮ ಗಾದೆಯಲ್ಲೇ ಇದೆ. ಮಾಡಿದವರು ಉಣ್ಣಲಿ, ಸರಿ. ಆದರೆ ಇಲ್ಲಿ ಉಣ್ಣುತ್ತಿರುವವರು ಯಾರು? ತೀರ್ಮಾನ ಮಾಡಿದವರು ರಾಜೀನಾಮೆ ಕೊಟ್ಟು ಹೋದರು. ಅಂಕ ಕಡಿತವಾಗುವ ಹೊತ್ತಿಗೆ ಉಳಿದದ್ದು ಆಟಗಾರರು, ಹೊಸ ಮ್ಯಾನೇಜರ್, ಸೀಸನ್ ಟಿಕೆಟ್ ಕೊಂಡವರು.

ಸ್ಕಾಟ್ಲೆಂಡ್‌ನಲ್ಲಿ ಈ ವಾದಕ್ಕೆ ತೂಕ ಜಾಸ್ತಿ. ಜನಸಂಖ್ಯೆಗೆ ಹೋಲಿಸಿದರೆ ಯೂರೋಪಿನಲ್ಲಿ ಅತಿ ಹೆಚ್ಚು ಜನ ಮೈದಾನಕ್ಕೆ ಹೋಗಿ ಫುಟ್‌ಬಾಲ್ ನೋಡುವ ದೇಶಗಳ ಸಾಲಿನಲ್ಲಿ ಅದು ಮುಂದಿದೆ. ಟಿವಿ ಹಣ ಕಡಿಮೆ, ಅದರಲ್ಲೂ ಕೆಳಹಂತಕ್ಕೆ ತೀರಾ ಕಡಿಮೆ. ಹಾಗಾಗಿ ಕ್ಲಬ್ ನಡೆಯುವುದು ಗೇಟಿನಲ್ಲಿ ಬರುವ ಹಣದಿಂದ, ಗ್ಯಾಲರಿಯ ಹಿಂದೆ ಮಾರುವ ಪೈ ಎಂಬ ಮಾಂಸದ ತಿಂಡಿ ಮತ್ತು ಬೋವ್ರಿಲ್ ಎಂಬ ಬಿಸಿ ಮಾಂಸದ ಸಾರಿನಿಂದ. ತಂಡ ಕೆಳಗಿಳಿದರೆ ಜನ ಕಡಿಮೆಯಾಗುತ್ತಾರೆ. ಜನ ಕಡಿಮೆಯಾದರೆ ಹಣ ಕಡಿಮೆ. ದಿವಾಳಿಯಾದ ಕ್ಲಬ್ಬಿಗೆ ಹಣ ಬೇಕಾದ ಹೊತ್ತಿಗೇ ಈ ನಿಯಮ ಹಣದ ಏಕೈಕ ನಲ್ಲಿಯನ್ನು ಅರ್ಧ ತಿರುಗಿಸಿಬಿಡುತ್ತದೆ.

ಯಾರೂ ಜಾಸ್ತಿ ಮಾತಾಡದ ಇನ್ನೊಂದು ಪರಿಣಾಮವಿದೆ, ನನ್ನ ಮಟ್ಟಿಗೆ ಅದೇ ಅತಿ ಕೆಟ್ಟದ್ದು. 15 ಅಂಕದ ಭಯದಿಂದ ನಿರ್ದೇಶಕರು ಅಡ್ಮಿನಿಸ್ಟ್ರೇಷನ್ನನ್ನು ಮುಂದೂಡುತ್ತಾರೆ. ಈ ತಿಂಗಳು ಹೇಗೋ ಸಂಬಳ ಕೊಡೋಣ, ಮುಂದಿನ ತಿಂಗಳು ಯಾರೋ ಹೂಡಿಕೆದಾರ ಬರುತ್ತಾನೆ, ಬ್ಯಾಟರಿಗೆ ಪರವಾನಗಿ ಸಿಗುತ್ತದೆ. ಹೀಗೆ ದಿನ ತಳ್ಳುತ್ತಾ ಹೋದಂತೆ ಸಾಲ ಬೆಳೆಯುತ್ತದೆ. ಬೇಗ ಡಾಕ್ಟರ ಬಳಿ ಹೋದರೆ ದಂಡ ಹಾಕುತ್ತೇವೆ ಅಂದರೆ ರೋಗಿ ಏನು ಮಾಡುತ್ತಾನೆ?

ಒಂದೇ ಶಿಕ್ಷೆ, ಬೇರೆ ಬೇರೆ ಫಲ

2024-25ರಲ್ಲಿ ಇನ್ವರ್ನೆಸ್ ಒಂಟಿಯಾಗಿರಲಿಲ್ಲ. ಅದೇ ಲೀಗ್ ಒನ್‌ನ ಡಂಬಾರ್ಟನ್ ನವೆಂಬರ್‌ನಲ್ಲಿ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. 1872ರಲ್ಲಿ ಹುಟ್ಟಿದ ಕ್ಲಬ್ ಅದು. ಸ್ಕಾಟಿಷ್ ಲೀಗ್‌ನ ಮೊಟ್ಟಮೊದಲ ಪ್ರಶಸ್ತಿಯನ್ನು 1891ರಲ್ಲಿ ರೇಂಜರ್ಸ್ ಜೊತೆ ಹಂಚಿಕೊಂಡು, ಮರುವರ್ಷ ಒಬ್ಬರೇ ಗೆದ್ದವರು. ಕ್ರೀಡಾಂಗಣದ ಪಕ್ಕದ ಜಮೀನು ಮಾರಿದ್ದರು, ಅದರ ಹಣ ಸಮಯಕ್ಕೆ ಬರಲಿಲ್ಲ. ಅವರಿಗೂ 15 ಅಂಕ ಹೋಯಿತು. ಅವರು ಕೊನೆಯ ಸ್ಥಾನಕ್ಕೆ ಇಳಿದು ಲೀಗ್ ಟೂಗೆ ಬಿದ್ದರು. ಅಲ್ಲೂ 2025-26 ಶುರುವಾದದ್ದು ಮೈನಸ್ 5ರಿಂದಲೇ. ಆದರೆ ಲೀಗ್ ಟೂನಲ್ಲಿ ಕೆಳಗಿನ ಬಾಗಿಲು ಹತ್ತಿರ. ಅದೇ 5 ಅಂಕ ಇನ್ವರ್ನೆಸ್‌ಗೆ ಬಡ್ತಿಯ ಚಿಂತೆ, ಡಂಬಾರ್ಟನ್‌ಗೆ ಅಸ್ತಿತ್ವದ ಚಿಂತೆ.

ಹ್ಯಾಮಿಲ್ಟನ್ ಅಕಾಡೆಮಿಕಲ್ ಕತೆ ಬೇರೆ. 2024ರಲ್ಲಿ ಇನ್ವರ್ನೆಸ್ಸನ್ನು ಕೆಳಗೆ ತಳ್ಳಿದ ತಂಡ ಇದೇ. ಲೀಗ್ ನಿಯಮಗಳನ್ನು ಮುರಿದದ್ದಕ್ಕೆ ಋತುವಿನ ಕೊನೆಯಲ್ಲಿ ಅವರಿಗೂ 15 ಅಂಕ ಕಡಿತವಾಗಿ, ಚಾಂಪಿಯನ್‌ಶಿಪ್‌ನಿಂದ ಲೀಗ್ ಒನ್‌ಗೆ ಬಂದರು. ಒಂದೇ ಋತುವಿನಲ್ಲಿ 3 ಕ್ಲಬ್, 45 ಅಂಕ. ಇದರ ಜೊತೆಗೆ ಲೀಗ್ ಟೂನ ಬಾನಿರಿಗ್ ರೋಸ್ ತಂಡಕ್ಕೆ 6 ಅಂಕ ಹೋದದ್ದು ಮೈದಾನ ಇಳಿಜಾರಾಗಿದೆ ಅನ್ನುವ ಕಾರಣಕ್ಕೆ. ನಗು ಬರುತ್ತದೆ, ಆದರೆ ಆ ತಂಡ ಕೊನೆಯಾಗಿ, ಈಸ್ಟ್ ಕಿಲ್‌ಬ್ರೈಡ್ ಎದುರು ಪ್ಲೇ-ಆಫ್ ಸೋತು 42ರ ಪಟ್ಟಿಯಿಂದಲೇ ಹೊರಗೆ ಬಿತ್ತು.

ಹಳೆಯ ಉದಾಹರಣೆಗಳೂ ಹೀಗೇ ಏರುಪೇರು. 2010ರಲ್ಲಿ ಡಂಡೀ ತಂಡದಿಂದ 25 ಅಂಕ ಕಿತ್ತುಕೊಂಡರು. ಮುಗಿಯಿತು ಅಂತ ಎಲ್ಲರೂ ಅಂದರು. ಅವರು 23 ಪಂದ್ಯ ಸೋಲದೆ ಆಡಿ ಉಳಿದುಕೊಂಡರು. 2013ರಲ್ಲಿ 15 ಅಂಕ ಕಳೆದುಕೊಂಡ ಡನ್‌ಫರ್ಮ್ಲಿನ್ ಉಳಿಯಲಿಲ್ಲ, ಕೆಳಗೆ ಹೋಯಿತು. ಆದರೆ ಅಲ್ಲಿ ಅಭಿಮಾನಿಗಳೇ ಒಟ್ಟಾಗಿ ಕ್ಲಬ್ಬನ್ನು ಕೈಗೆ ತೆಗೆದುಕೊಂಡರು.

ಇದರಿಂದ ಒಂದು ವಿಷಯ ಸ್ಪಷ್ಟ. ಶಿಕ್ಷೆಯ ಅಳತೆ ಒಂದೇ, ಪೆಟ್ಟಿನ ಅಳತೆ ಒಂದೇ ಅಲ್ಲ. ತಂಡದಲ್ಲಿ ಯಾರು ಉಳಿದಿದ್ದಾರೆ, ಅಕ್ಟೋಬರ್‌ನಲ್ಲಿ ಕಡಿತವಾಯಿತೋ ಏಪ್ರಿಲ್ ದಾಟಿದ ಮೇಲೋ, ಊರಿನಲ್ಲಿ ಒಬ್ಬ ಶ್ರೀಮಂತ ಇದ್ದಾರೋ ಇಲ್ಲವೋ ಎಂಬುದರ ಮೇಲೆ ಹೋಗುತ್ತದೆ. ತಪ್ಪು ಎಷ್ಟು ದೊಡ್ಡದು ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಮುಂದೆ ಏನಾಗಬಹುದು

ಇನ್ವರ್ನೆಸ್ ಸದ್ಯಕ್ಕೆ ಉಳಿದಿದೆ. ಆದರೆ ಉಳಿದ ರೀತಿ ನೋಡಿ. ಒಬ್ಬ ವ್ಯಕ್ತಿಯ ಜೇಬಿನಿಂದ. ಸ್ಯಾವೇಜ್ ಊರಿನವರು, ಕ್ಲಬ್ಬಿನ ಹಳಬರು, ಅದು ಒಳ್ಳೆಯದೇ. ಗ್ರೆಟ್ನಾಗೆ ಹಣ ಕೊಟ್ಟವರ ಮನಸ್ಸೂ ಒಳ್ಳೆಯದೇ ಇತ್ತು. ಡಂಬಾರ್ಟನ್ನನ್ನು 2025ರಲ್ಲಿ ಕೊಂಡವರು ಕೆನಡಾದ ಮಾರಿಯೋ ಲಪಾಯಿಂಟ್. ಅಲ್ಲೂ ಭಾರ ಒಬ್ಬರ ಮೇಲೆ.

ಅಭಿಮಾನಿಗಳೇ ಮಾಲೀಕರಾಗುವ ದಾರಿ ಸ್ಕಾಟ್ಲೆಂಡ್‌ಗೆ ಹೊಸದಲ್ಲ. ಸ್ಟರ್ಲಿಂಗ್ ಆಲ್ಬಿಯನ್ 2010ರಲ್ಲೇ ಆ ಕಡೆ ಹೋಯಿತು. ಮದರ್‌ವೆಲ್, ಹಾರ್ಟ್ಸ್, ಸೇಂಟ್ ಮಿರನ್ ಕೂಡ ಅಭಿಮಾನಿ ಸಂಘಟನೆಗಳ ಕೈಗೆ ಬಂದವು. ಇದರಿಂದ ಕ್ಲಬ್ ಶ್ರೀಮಂತ ಆಗುವುದಿಲ್ಲ. ಆದರೆ ತರಬೇತಿಯನ್ನು 200 ಕಿಲೋಮೀಟರ್ ಆಚೆ ಒಯ್ಯುವ ತೀರ್ಮಾನ ಮೊದಲ ಸಭೆಯಲ್ಲೇ ಬಿದ್ದು ಹೋಗುತ್ತದೆ. ಕೆಲ್ಟಿ ಯೋಜನೆ ರದ್ದಾದದ್ದೇ ಅಭಿಮಾನಿಗಳ ಗಲಾಟೆಯಿಂದ ಅಲ್ವಾ? ಗಲಾಟೆ ಮಾಡುವ ಬದಲು ಮತ ಹಾಕಲು ಅವಕಾಶ ಇದ್ದಿದ್ದರೆ ಇಷ್ಟು ದೂರ ಬರುತ್ತಿತ್ತೇ ಅನ್ನುವ ಪ್ರಶ್ನೆ ಉಳಿಯುತ್ತದೆ.

ನನಗನ್ನಿಸುವ ಪ್ರಕಾರ ಅಂಕ ಕಡಿತವನ್ನು ತೆಗೆದುಹಾಕುವುದು ಪರಿಹಾರ ಅಲ್ಲ. ಉಳಿದ 9 ತಂಡಗಳಿಗೆ ಅದು ಅನ್ಯಾಯ. ತೊಂದರೆ ಇರುವುದು ನಿಯಮ ಎಚ್ಚೆತ್ತುಕೊಳ್ಳುವ ಹೊತ್ತಿನಲ್ಲಿ. ಮನೆ ಸುಟ್ಟ ಮೇಲೆ ಬಂದು ದಂಡ ಹಾಕುವ ನಿಯಮ ಇದೆ, ಹೊಗೆ ಕಂಡಾಗ ಬಾಗಿಲು ಬಡಿಯುವವರು ಕಡಿಮೆ. ಸಂಬಳದ ಮೊತ್ತ ಆದಾಯದ ಎಷ್ಟು ಪಾಲು ದಾಟಬಾರದು, ಇನ್ನೂ ಕೈಗೆ ಬರದ ಬ್ಯಾಟರಿ ಹಣವನ್ನೋ ಜಮೀನಿನ ಹಣವನ್ನೋ ನಂಬಿ ಆಟಗಾರರಿಗೆ ಸಹಿ ಹಾಕಿಸಬಹುದೇ, ಇಂಥದ್ದನ್ನು ಋತು ಶುರುವಾಗುವ ಮೊದಲೇ ಯಾರಾದರೂ ಪುಸ್ತಕ ತೆರೆದು ನೋಡಬೇಕು. ಬ್ರಿಟನ್ ಸಂಸತ್ತು 2025ರಲ್ಲಿ ಇಂಗ್ಲೆಂಡ್‌ನ ಆಟಕ್ಕಾಗಿ ಫುಟ್‌ಬಾಲ್ ಆಡಳಿತ ಕಾಯ್ದೆ ತಂದು, ಸ್ವತಂತ್ರ ನಿಯಂತ್ರಕ ಸಂಸ್ಥೆಗೆ ಈ ಕೆಲಸ ಒಪ್ಪಿಸಿದೆ. ಆ ನಿಯಂತ್ರಕರ ಅಧಿಕಾರ ಸ್ಕಾಟ್ಲೆಂಡ್‌ನ ಕ್ಲಬ್‌ಗಳಿಗೆ ಅನ್ವಯಿಸುವುದಿಲ್ಲ.

ಅಲ್ಲಿ ಲೀಗ್‌ನ ನಿಯಮ ಬದಲಾಗಬೇಕಾದರೆ ಮತ ಹಾಕಬೇಕಾದವರು ಕ್ಲಬ್‌ಗಳೇ. ಅಂದರೆ ತಮ್ಮ ಲೆಕ್ಕದ ಪುಸ್ತಕವನ್ನು ಹೊರಗಿನವರಿಗೆ ತೋರಿಸಬೇಕೋ ಬೇಡವೋ ಅಂತ ಆ ಪುಸ್ತಕ ಬರೆಯುವವರೇ ತೀರ್ಮಾನಿಸಬೇಕು. ಬೆಕ್ಕಿಗೆ ಗಂಟೆ ಕಟ್ಟುವ ಸಭೆಗೆ ಇಲ್ಲಿ ಬೆಕ್ಕುಗಳನ್ನು ಮಾತ್ರ ಕರೆದಿದ್ದಾರೆ. ಸೀಸನ್ ಟಿಕೆಟ್ ಕೊಂಡವರಿಗೆ ಆ ಸಭೆಯಲ್ಲಿ ಕುರ್ಚಿ ಇಲ್ಲ.